ಬರ್ತೇನೆ ಎಂದ ದೋಣಿಯವಳು

ಶನಿವಾರ ನನ್ನ ಮನೆಯಲ್ಲಿ ಕಪಾಟು ಒರೆಸುವ ದಿನ. ಪ್ರತಿಯೊಂದು ಖಾನೆಯನ್ನೂ ಖಾಲಿ ಮಾಡಬೇಕು, ಒರೆಸಬೇಕು, ಇದ್ದ ಕ್ರಮದಲ್ಲೇ ಮತ್ತೆ ಇಡಬೇಕು. ನರ್ಸಿಂಗ್ ಶಾಲೆಯಲ್ಲಿ ಕಲಿತ ಈ ಅಭ್ಯಾಸ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೂ ಬಿಟ್ಟಿಲ್ಲ. ಕಳೆದ ಶನಿವಾರ ಮೇಲಿನ ಖಾನೆಯಲ್ಲಿದ್ದ ಹಳೆಯ ಬಿಸ್ಕಿಟ್ ಡಬ್ಬದ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದ ಡಬ್ಬ ಅದು. ಆದರೂ ಒಣ ಸಿಗಡಿಯ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು...

ಡಬ್ಬ ನನ್ನದಲ್ಲ. ನನ್ನ ಮಹಡಿಯಲ್ಲಿ ಬಾಡಿಗೆಗಿದ್ದವನ ತಾಯಿಯದು.

ಅವನು ಬನ್ನಂಜೆಯ ಈ ಮನೆಗೆ ಬಂದಾಗ ನಲವತ್ತು ದಾಟಿತ್ತು. ಎರ್ಮಾಳಿನ ಮೀನುಗಾರರ ಮನೆಯವನು. ಮಣಿಪಾಲದ ಒಂದು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಅದನ್ನು ಬಿಟ್ಟು, ಒಬ್ಬ ಸ್ನೇಹಿತನ ಜೊತೆ ಸೇರಿ ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಕಟ್ಟುತ್ತಿದ್ದ. ಊಟಕ್ಕೆ ಹೊತ್ತಿಲ್ಲ, ನಿದ್ದೆಗೆ ಹೊತ್ತಿಲ್ಲ, ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮೊದಲ ತಿಂಗಳೇ ಬುದ್ಧಿ ಹೇಳಿದೆ. ಅವನು ನಕ್ಕು ಚಪ್ಪಲಿ ಸರಿಮಾಡಿಟ್ಟ. ಮಾರನೆಯ ದಿನ ಮತ್ತೆ ಅದೇ. ಆದರೆ ಅವನ ಕಂಪ್ಯೂಟರಿನ ಪರದೆಯ ಮೇಲಿನ ಒಂದು ಅಲೆ, ಒಂದು ಕಲ್ಲು ಸ್ಥಳ ತಪ್ಪಿ ಇರುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಚಪ್ಪಲಿಯ ವಿಷಯ ಬಿಟ್ಟೆ.

ಆಟ ಎಂತದ್ದು ಎಂದು ಕೇಳಿದಾಗ ನನಗೆ ತಿಳಿಯುವ ಹಾಗೆ ಹೇಳಿದ್ದ. "ಯಕ್ಷಗಾನದಲ್ಲಿ ವೇಷ ಕಟ್ಟಿದ ಹಾಗೆ, ಸಿಸ್ಟರ್. ಆಡುವವರು ಒಂದು ಪಾತ್ರ ಆಗ್ತಾರೆ. ಆದರೆ ಪ್ರಸಂಗ ಮುಂದೆ ಹೇಗೆ ಹೋಗ್ತದೆ ಅಂತ ವೇಷಧಾರಿಗೇ ಗೊತ್ತಿಲ್ಲ."

ಅವನ ಪ್ರಸಂಗ ಒಂದು ಮಾಯಾಲೋಕದ್ದು. ಒಂದು ಊರಿನ ಕಡಲು ಇಳಿತಕ್ಕೆ ಹಿಂದೆ ಸರಿದದ್ದು ಮತ್ತೆ ಬರಲೇ ಇಲ್ಲ. ಆಡುವವರು ಒಬ್ಬ ಹುಡುಗಿಯಾಗಿ, ಬರಿದಾದ ಕಡಲತಳದ ಮೇಲೆ ನಡೆದು, ನೀರನ್ನು ಕರೆದು ತರಬೇಕು. ದಾರಿಯಲ್ಲಿ ಮಂತ್ರ ಬಲ್ಲ ಮೀನುಗಳು ಉಂಟು, ಮಾತಾಡುವ ಶಂಖ ಉಂಟು, ಕಾವಲಿಗೆ ನಿಂತ ಕಲ್ಲಿನ ಭೂತಗಳೂ ಉಂಟು. ನೀರು ಉಳಿದ ಒಂದೇ ಒಂದು ಕಾಲುವೆಯಲ್ಲಿ ಹೆಂಗಸೊಬ್ಬಳು ದೋಣಿಯಲ್ಲಿ ಹುಡುಗಿಯನ್ನು ದಾಟಿಸಿ, ದಡದಲ್ಲಿ ಇಳಿಸಿ, ಒಂದು ಮಾತು ಹೇಳಿ ಹೊರಟುಹೋಗುತ್ತಾಳೆ. ಪಾತ್ರಗಳು ಮಾತಾಡುವುದು ತುಳು. ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬರುತ್ತದೆ. ದೋಣಿಯವಳ ಧ್ವನಿ ಅವನ ತಾಯಿಯದು. ಅವರು ಆಯುಷ್ಯವಿಡೀ ಬುಟ್ಟಿ ಹೊತ್ತು ಮೀನು ಮಾರಿದವರು.

ಆರು ವರ್ಷದ ಕೆಲಸದ ನಂತರ ಆಟ ಹೊರಬಂತು. ಆಮೇಲೆ ವಿಮರ್ಶೆಗಳು ಬರತೊಡಗಿದವು. ಬೆಳಿಗ್ಗೆ ನಾನು ಪೇಪರ್ ಓದಿ ಮುಗಿಸುವ ಹೊತ್ತಿಗೆ ಸರಿಯಾಗಿ ಅವನು ಫೋನ್ ಹಿಡಿದುಕೊಂಡು ಕೆಳಗೆ ಬಂದು ಕೂತ.

"ನೀವು ಓದಿ, ಸಿಸ್ಟರ್. ನನಗೆ ಧೈರ್ಯ ಇಲ್ಲ."

"ಆಟದ ವಿಷಯ ನನಗೆ ಎಂತ ಗೊತ್ತುಂಟು ಮಾರಾಯ?"

"ರಿಪೋರ್ಟ್ ಓದಿ ಮನೆಯವರಿಗೆ ಹೇಳಿ ಅಭ್ಯಾಸ ಉಂಟಲ್ಲ ನಿಮಗೆ. ಹಾಗೆಯೇ ಹೇಳಿ."

ಹಾಗೆಯೇ ಹೇಳಿದೆ. ಮೊದಲು ಪೂರ್ತಿ ಮನಸ್ಸಿನಲ್ಲಿ ಓದಿಕೊಳ್ಳುವುದು, ಆಮೇಲೆ ಸಮಾಧಾನದ ವಿಷಯ, ಕೊನೆಗೆ ಉಳಿದದ್ದು. ಆಟದೊಳಗಿನ ಮಳೆ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಬರೆದಿದ್ದರು. ಜಗಳದ ಭಾಗ ಸಪ್ಪೆ ಎಂದೂ ಎಲ್ಲರೂ ಬರೆದಿದ್ದರು. ಹುಡುಗಿಯ ನಡಿಗೆ ನಿಧಾನ, ಅಕ್ಷರ ಸಣ್ಣದು. ಬಂಡೆಯ ಮೇಲೆ ನಿಂತ ದೀಪಸ್ತಂಭವನ್ನು ಒಬ್ಬರು ಅಪೂರ್ವ ಕಲ್ಪನೆ ಎಂದು ಹೊಗಳಿದ್ದರು.

"ಅದು ನಮ್ಮ ಕಾಪುವಿನ ದೀಪಸ್ತಂಭ ಅಲ್ವಾ?" ಎಂದೆ.

"ಸುಮ್ಮನಿರಿ ಸಿಸ್ಟರ್, ಅವರಿಗೆ ಹೇಳಬೇಡಿ," ಎಂದ.

ನಾಲ್ಕನೆಯ ವಿಮರ್ಶೆಯಲ್ಲಿ ರೋಗ ಕಾಣಿಸಿತು. ಬರೆದವರು ಪಾಶ್ಚಾತ್ಯ ದೇಶದ ದೊಡ್ಡ ವಿಮರ್ಶಕರಂತೆ. ದೋಣಿಯವಳು 'ನಾನು ಬರುತ್ತೇನೆ' ಎಂದು ಹೇಳಿ ಹೋದಳು, ಅವರು ದಡದಲ್ಲಿ ಕಾದರು. ಚಹಾ ಮಾಡಿಕೊಂಡು ಬಂದು ಕಾದರು. ಊಟ ಮಾಡಿ ಬಂದು ಕಾದರು. ಅವಳು ಬರಲಿಲ್ಲ. ಆಟವನ್ನು ಅರ್ಧಕ್ಕೇ ಕಟ್ಟಿ ಮಾರಾಟಕ್ಕಿಟ್ಟಿದ್ದಾರೆ ಎಂದು ತೀರ್ಪು ಕೊಟ್ಟು, ಹತ್ತಕ್ಕೆ ನಾಲ್ಕು ಅಂಕ ಹಾಕಿದ್ದರು. ಆಮೇಲೆ ಬಂದ ವಿಮರ್ಶೆಗಳಲ್ಲೂ ಅದೇ ದೂರು. ಎಲ್ಲರೂ ದಡದಲ್ಲಿ ಕೂತಿದ್ದಾರೆ, ಮುಂದೆ ಹೋಗುವ ದಾರಿ ಬೆನ್ನ ಹಿಂದೆಯೇ ಉಂಟು, ಯಾರೂ ತಿರುಗಿ ನೋಡುತ್ತಿಲ್ಲ.

ತಾಯಿ ಹೇಳಿದ್ದು 'ಬರ್ಪೆ' ಎಂದು. ಹೊರಡುವಾಗ ನಾವು ಹೇಳುವ ಮಾತು ಅದೇ ಅಲ್ಲವೇ. ಕನ್ನಡದಲ್ಲಾದರೆ 'ಬರ್ತೇನೆ'. ಹೋಗ್ತೇನೆ ಎಂದು ಮನೆಯ ಹೊಸ್ತಿಲಲ್ಲಿ ನಿಂತು ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಸಾಲು ಬರೆಯುವಾಗ ಅವನು ಆ ಮಾತನ್ನು ಶಬ್ದಕ್ಕೆ ಶಬ್ದ ಹಾಗೆಯೇ ಬರೆದಿದ್ದ. ನನಗೂ ಅದರಲ್ಲಿ ಏನೂ ಹೆಚ್ಚುಕಡಿಮೆ ಕಂಡಿರಲಿಲ್ಲ. ಈ ಮಾತನ್ನು ತಿರುಗಿಸಿ ಹೇಳುವುದು ಆಸ್ಪತ್ರೆಯಲ್ಲಿ ಮಾತ್ರ. ಗುಣವಾಗಿ ಮನೆಗೆ ಹೊರಟವರಿಗೆ ನಾವು 'ಬನ್ನಿ' ಎನ್ನುವುದಿಲ್ಲ. 'ಹೋಗಿ, ಜಾಗ್ರತೆ' ಎನ್ನುತ್ತೇವೆ. ಹೊಸ ಹುಡುಗಿಯರಿಗೆ ನಾನು ಮೊದಲ ದಿನವೇ ಕಲಿಸುತ್ತಿದ್ದ ಪಾಠ ಅದು.

ಮೊದಲು ಇಬ್ಬರೂ ನಕ್ಕೆವು. ಅಂಕಗಳು ಇಳಿಯುತ್ತ ಹೋದ ಹಾಗೆ ನಗು ನಿಂತಿತು. ಒಂದು ಸಂಜೆ ಮಣಿಪಾಲದ ಸ್ನೇಹಿತ ಸ್ಕೂಟರಿನಲ್ಲಿ ಬಂದ. ಜಗಳ ನನ್ನ ಜಗಲಿಯಲ್ಲೇ ನಡೆಯಿತು.

"ಗುಡ್‌ಬೈ ಅಂತ ಹಾಕು ಮಾರಾಯ. ಒಂದು ಶಬ್ದ. ಮುಗಿಯಿತು."

"ನಮ್ಮಲ್ಲಿ ಯಾರು ಹಾಗೆ ಹೇಳ್ತಾರೆ?"

"ಆಡುವವರು ನಮ್ಮವರಲ್ಲವಲ್ಲ."

"ಅಮ್ಮ ಬರ್ತೇನೆ ಅಂತ ಹೇಳುವಾಗ ಕೆಳಗೆ ಗುಡ್‌ಬೈ ಅಂತ ನಾನು ಬರೆಯುವುದಿಲ್ಲ. ಕಡಲೂ ಅದನ್ನೇ ಹೇಳಿ ಹೋದದ್ದು. ಆ ಮಾತು ತೆಗೆದರೆ ಆಟದಲ್ಲಿ ಎಂತ ಉಳೀತದೆ?"

"ಹಾಗಾದರೆ ಮುಂದಿನದ್ದು ನೀನು ಒಬ್ಬನೇ ಮಾಡು," ಎಂದು ಸ್ನೇಹಿತ ಹೆಲ್ಮೆಟ್ ಹಾಕಿಕೊಂಡ. ಅವನದ್ದು ಬರೀ ಬೆದರಿಕೆಯಾಗಿರಲಿಲ್ಲ. ಇನ್ನೂ ಕೆಲವು ವಿಮರ್ಶೆಗಳು ಹೀಗೆಯೇ ಬಂದರೆ ಆಟವನ್ನು ಯಾರೂ ಮುಟ್ಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಸ್ನೇಹಿತನ ಪಕ್ಷ ಹಿಡಿದೆ. ಔಷಧದ ಚೀಟಿ ಓದುವವರಿಗೆ ತಿಳಿಯಬೇಕು, ಬರೆದವರಿಗೆ ತಿಳಿದರೆ ಸಾಲದು ಎಂದೆ. ಮೇಲಿನ ಮನೆಯವನು ಮೆಟ್ಟಿಲ ಕೆಳಗೆ ಚಪ್ಪಲಿಗಳನ್ನು ನೇರವಾಗಿ ಜೋಡಿಸಿಟ್ಟು ಮೇಲೆ ಹೋದ. ಅದನ್ನು ನೋಡಿದಾಗಲೇ ನನಗೆ ಹೆದರಿಕೆಯಾಯಿತು.

ಭಾನುವಾರ ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವಾಗ ತಾಯಿ ಜಗಲಿಯಲ್ಲಿ ಕೂತಿದ್ದರು. ಎರ್ಮಾಳಿನಿಂದ ಬಸ್ಸಿನಲ್ಲಿ ಬಂದವರು, ಮಡಿಲಲ್ಲಿ ಈ ಡಬ್ಬ, ಒಳಗೆ ನನಗೆಂದು ಹುರಿದ ಒಣ ಸಿಗಡಿ. ಮಗನ ಮುಖ ನೋಡಿ ವಿಷಯ ಕೇಳಿದರು. ಅವನು ಹೇಳಿದ. ಅವರು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾರು ಕಾಯ್ತಿದ್ದಾರೆ?"

"ಆಟ ಆಡುವವರು. ಹೊರದೇಶದವರು."

"ನನ್ನನ್ನಾ?"

"ಹೌದಮ್ಮ."

"ಎಲ್ಲಿ?"

"ದಡದಲ್ಲಿ."

ಅವರು ಡಬ್ಬವನ್ನು ಪಕ್ಕಕ್ಕಿಟ್ಟರು. "ಪಾಪ. ಎಂತಾದರೂ ತಿಂದಿದ್ದಾರಾ ಅವರು?"

ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ. "ನಗುವುದೆಂತ? ಬರ್ತೇನೆ ಅಂತ ಹೇಳಿದ್ದು ನಾನೇ ಅಲ್ವಾ? ಅವರವರ ದಾರಿ ಹಿಡಿದು ಹೋದವರ ವಿಷಯ ಬೇರೆ. ಕೂತು ಕಾಯುವವರು ಉಂಟು ಅಂತ ಗೊತ್ತಾದ ಮೇಲೆ ಒಂದು ಸಲ ಹೋಗಿ ಬರಬೇಕು, ಮಗ."

ಅವನು ಎದ್ದು ಮೇಲೆ ಓಡಿ ಮೈಕ್ ತಂದ.

ರೆಕಾರ್ಡಿಂಗ್ ಆದದ್ದು ನನ್ನ ಮಲಗುವ ಕೋಣೆಯಲ್ಲಿ. ರಸ್ತೆಯ ಸದ್ದು ಅಲ್ಲಿ ಕಡಿಮೆ. ವಾರ್ಡಿನ ಶಿಸ್ತು ನನ್ನದು. ಫ್ಯಾನ್ ಬಂದ್, ಕಿಟಕಿ ಬಂದ್, ಗಡಿಯಾರ ಅಡುಗೆಮನೆಗೆ. ನಾನು ಒಂದು ಮೂಲೆಯಲ್ಲಿ ಒಗೆದ ಬಟ್ಟೆ ಮಡಚುತ್ತ ಕೂತೆ. ಅವನು ಬರೆದುಕೊಟ್ಟ ಚೀಟಿಯನ್ನು ತಾಯಿ ಮುಟ್ಟಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಸ್ವಲ್ಪ ಬಗ್ಗಿ ಹೇಳಿದರು. "ಇನ್ನೂ ಇಲ್ಲೇ ಇದ್ದೀಯಾ? ಗಂಜಿ ತಂದಿದ್ದೇನೆ. ಉಣ್ಣು." ಮತ್ತೆ ನನ್ನ ಕಡೆ ತಿರುಗಿದರು. "ಸಾಕಾ, ಬಾಯಮ್ಮ?" ನಮ್ಮ ಊರಿನ ಕ್ರೈಸ್ತ ಹೆಂಗಸರನ್ನು ಅವರು ಕರೆಯುವುದು ಹಾಗೆಯೇ. ಸಾಕು ಎಂದೆ.

ಅವನು ಅದನ್ನು ಆಟದಲ್ಲಿ ಸೇರಿಸಿದ. ಶಬ್ದ ಬದಲಾಗಲಿಲ್ಲ. ದಡದಲ್ಲಿ ಇಳಿದು ಮುಂದೆ ಹೋಗುವವರು ಹೋಗಬಹುದು. ಆಕಾಶದ ಬಣ್ಣ ಬದಲಾಗುವವರೆಗೂ ಕೂತವರಿಗೆ ದೋಣಿ ಮರಳಿ ಬರುತ್ತದೆ. ಅವಳು ಗಂಜಿ ಕೊಡುತ್ತಾಳೆ. ಅದರಿಂದ ಯಾವ ಮಂತ್ರಶಕ್ತಿಯೂ ಸಿಗುವುದಿಲ್ಲ, ಯಾವ ಆಯುಧವೂ ಇಲ್ಲ. ಉಂಡ ಮೇಲೆ ಅವಳು ಮತ್ತೆ 'ಬರ್ಪೆ' ಎಂದು ಹೊರಡುತ್ತಾಳೆ. ಆಗ ಹುಡುಗಿ ಎದ್ದು ತನ್ನ ದಾರಿ ಹಿಡಿಯುತ್ತಾಳೆ.

ನಾಲ್ಕು ಅಂಕ ಕೊಟ್ಟ ವಿಮರ್ಶಕರು ಎರಡನೆಯ ಸಲ ಬರೆದರು. ನಾನು ಎಂದಿನಂತೆ ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಈ ಸಲ ಎಲ್ಲಿಂದ ಸಮಾಧಾನ ಹೇಳಲಿ ಎಂದು ಹುಡುಕಬೇಕಾಗಲಿಲ್ಲ. ತಾನು ಮತ್ತೆ ಕಾದೆನೆಂದೂ, ಅವಳು ಬಂದಳೆಂದೂ, ಆ ಕರಾವಳಿಯಲ್ಲಿ ಹೊರಡುವವರು ಬರುತ್ತೇನೆ ಎನ್ನುತ್ತಾರೆಂದು ಈಗ ತಿಳಿಯಿತೆಂದೂ, ಕಡಲು ಯಾಕೆ ಮರಳಬೇಕು ಎಂಬುದು ಆ ಗಂಜಿಯ ಬಟ್ಟಲಿನ ಎದುರು ಅರ್ಥವಾಯಿತೆಂದೂ ಬರೆದಿದ್ದರು. ನನ್ನ ಧ್ವನಿ ರಿಪೋರ್ಟ್ ಓದುವ ಧ್ವನಿಯಾಗಿ ಉಳಿಯಲಿಲ್ಲ. ಅವನು ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಉಳಿದವರೂ ಹೊಗಳಿದರು. ಕಾಯುವುದನ್ನೇ ಆಟ ಮಾಡಿದವರು ಬೇರೆ ಯಾರಿದ್ದಾರೆ ಎಂದು ಒಬ್ಬರು ಕೇಳಿದರು. ಅಕ್ಷರ ಸಣ್ಣದು ಎಂಬ ದೂರು ಮಾತ್ರ ಉಳಿಯಿತು. ಅದು ಸರಿಯಾದ ದೂರು ಎಂದು ನಾನೂ ಹೇಳಿದೆ, ಅವನು ದೊಡ್ಡದು ಮಾಡಿದ.

ಸ್ನೇಹಿತ ಮರಳಿ ಬಂದ. "ಇನ್ನು ಕತೆ ನಿನ್ನ ಅಮ್ಮನೇ ಬರೆಯಲಿ, ನೀನು ಬಣ್ಣ ತುಂಬು ಸಾಕು," ಎಂದ.

ನಾನು ನಗುವ ಸಂಗತಿ ಇನ್ನೊಂದುಂಟು. ತಾಯಿಯ 'ಸಾಕಾ, ಬಾಯಮ್ಮ?' ಎಂಬ ಮಾತನ್ನು ಅವನು ಕತ್ತರಿಸಿ ತೆಗೆಯಲಿಲ್ಲ. ಈ ಬಾಯಮ್ಮ ಯಾರು ಎಂದು ಆಡುವವರಲ್ಲಿ ದೊಡ್ಡ ಚರ್ಚೆ ನಡೆಯಿತು. ಕಣ್ಣಿಗೆ ಕಾಣದ ಕಡಲದೇವತೆ ಎಂದು ತೀರ್ಮಾನವಾಯಿತಂತೆ. ನಾನು ಆ ಹೊತ್ತಿನಲ್ಲಿ ದಿಂಬಿನ ಕವರು ಮಡಚುತ್ತಿದ್ದೆ.

ಅವನನ್ನು ನಾನು ಮೆಚ್ಚಿದ್ದು ಗೆದ್ದದ್ದಕ್ಕಲ್ಲ. ಟೀಕೆ ಬಂದಾಗ ಟೀಕಿಸಿದವರ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ತನ್ನ ಶಬ್ದವನ್ನೂ ಬಿಡಲಿಲ್ಲ. ಕಾಯುತ್ತಿದ್ದವರನ್ನೂ ಬಿಡಲಿಲ್ಲ.

ಕೆಲವು ವರ್ಷ ಹೀಗೆಯೇ ಹೋಯಿತು... ಒಂದು ದಿನ ಮೆಟ್ಟಿಲು ಹತ್ತುವಾಗ ಅವನು ನಡುವೆ ನಿಂತದ್ದು ಕಂಡೆ. ಪಾದದ ಗಂಟು ಬಾತಿತ್ತು. ಆ ಬಾವು ನನಗೆ ಗೊತ್ತಿದ್ದ ಬಾವು. ಅದೇ ದಿನ ಡಾಕ್ಟರರ ಬಳಿಗೆ ಕಳಿಸಿದೆ. ಹೃದಯಕ್ಕೆ ಆಪರೇಷನ್ ಆಗಬೇಕೆಂದರು. ಹೊರಡುವ ಬೆಳಿಗ್ಗೆ ಸ್ನೇಹಿತ ಕಾರು ತಂದಿದ್ದ. ಇವನು ಗೇಟಿನ ಹತ್ತಿರ ತಿರುಗಿ, "ಬರ್ತೇನೆ, ಸಿಸ್ಟರ್," ಎಂದ. ಆಸ್ಪತ್ರೆಯಿಂದ ಹೊರಟ ಯಾರಿಗೂ ಹೇಳದ ಮಾತನ್ನು ಆಸ್ಪತ್ರೆಗೆ ಹೊರಟವನಿಗೆ ಹೇಳಿದೆ. "ಬೇಗ ಬಾ."

ಬರಲಿಲ್ಲ. ಸಾಮಾನು ಒಯ್ಯಲು ತಾಯಿ ಬಂದಾಗ ಡಬ್ಬ ಕೊಡಲು ಹೋದೆ. ಇರಲಿ, ಇನ್ನೊಮ್ಮೆ ಬರುವಾಗ ತೆಗೆದುಕೊಳ್ಳುತ್ತೇನೆ ಎಂದರು. ಆ ಮಳೆಗಾಲ ಕಳೆಯುವ ಮೊದಲೇ ಅವರೂ ತೀರಿಹೋದರು...

ಕಳೆದ ಶನಿವಾರ ಕಪಾಟಿನ ಕೆಲಸ ಅರ್ಧಕ್ಕೆ ನಿಲ್ಲಿಸಿದೆ. ಇಷ್ಟು ವರ್ಷಗಳಲ್ಲಿ ಹಾಗೆ ಮಾಡಿದ್ದು ಇದೇ ಮೊದಲು. ಕಾರ್ಕಳದ ತಮ್ಮನ ಮಗಳು ನನ್ನ ಕಂಪ್ಯೂಟರಿಗೆ ಆ ಆಟ ಹಾಕಿಕೊಟ್ಟಿದ್ದಾಳೆ. ದಡದಲ್ಲಿ ಇಳಿದೆ, ಕೂತೆ. ಅವನು ತನ್ನನ್ನು ಆಟದೊಳಗೆ ಎಲ್ಲಿಯೂ ಇಟ್ಟುಕೊಂಡಿಲ್ಲ. ಎಷ್ಟು ಕೂತರೂ ಅವನು ಬರುವುದಿಲ್ಲ ಎಂದು ನನಗೆ ಗೊತ್ತುಂಟು. ಆಕಾಶ ಕೆಂಪಾಯಿತು, ಮತ್ತೆ ನೀಲಿಯಾಯಿತು. ದೋಣಿ ಬಂತು. ಇನ್ನೂ ಇಲ್ಲೇ ಇದ್ದೀಯಾ ಎಂದರು ಅವರು. ಗಂಜಿ ಕೊಟ್ಟರು. ಆಮೇಲೆ ನನ್ನನ್ನೇ ಕೇಳಿದರು.

"ಸಾಕಾ, ಬಾಯಮ್ಮ?"

ಆ ದಿನ ಕೋಣೆಯ ಮೂಲೆಯಿಂದ ನಾನು ಕೊಟ್ಟ ಉತ್ತರವನ್ನು ಮಾತ್ರ ಅವನು ಕತ್ತರಿಸಿ ತೆಗೆದಿದ್ದ. ಆ ಜಾಗದಲ್ಲಿ ಈಗ ಬರೀ ಅಲೆಯ ಸದ್ದು. ಸ್ವಲ್ಪ ಹೊತ್ತು ಅದನ್ನು ಕೇಳಿದೆ. ಸಾಕು ಎನ್ನಲು ಬಾಯಿ ಬರಲಿಲ್ಲ.