ಕಾಣದ ಗೋಡೆ ಹತ್ತಿದವಳು

ಅತ್ತೆಯನ್ನು ಹೊಗಳುವ ಸೊಸೆ ನಾನಲ್ಲ. ಗೋಪಮ್ಮ ನನ್ನನ್ನು ಬೈಯದೆ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದೇ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ಆದರೆ ಆ ಇಂಗ್ಲಿಷ್ ದೊರೆಯ ತೋಟದ ಮಾತು ಬಂದಾಗ ಯಾರಾದರೂ ಅವಳನ್ನು ಸೊಕ್ಕಿನ ಹೆಂಗಸು ಅಂದರೆ ನನಗೆ ಮೈ ಉರಿಯುತ್ತದೆ. ಸೊಕ್ಕಂತೆ ಸೊಕ್ಕು! ನೀರಿಗೆ ಹೋಗುವುದು ಸೊಕ್ಕೇನು?

ಅವಳ ತವರು ದೇವದುರ್ಗದ ಕಡೆಯ ಮಸರಕಲ್. ಬಾವಿ ತೋಡುವ ಮನೆತನ. ನಡೆಯಲು ಕಲಿತಾಗಿನಿಂದ ಮಣ್ಣಿನ ಬುಟ್ಟಿ ಹೊತ್ತವಳು. ಮದುವೆಯಾಗಿ ಮಾನ್ವಿ ಸೀಮೆಯ ಚೀಕಲಪರ್ವಿಯ ಹೊರಗಿನ ನಮ್ಮ ಕೇರಿಗೆ ಬಂದಳು. ಅವಳು ಅಗೆಯುವುದು, ಮಾವ ಗದ್ದೆಪ್ಪ ಕಲ್ಲು ಕಟ್ಟುವುದು. ಕಲ್ಲೂರಿನಲ್ಲಿ ಒಂದು ಬಾವಿ ತೋಡಿದರು. ನೀರು ಉಕ್ಕುವ ತನಕ ಬಾವಿ ಇವರದು. ಉಕ್ಕಿದ ಮರುದಿನ ಊರವರು ಪೂಜೆ ಮಾಡಿ, "ಇನ್ನ ಮುಟ್ಟಬ್ಯಾಡ" ಎಂದರು. ಇವಳು ಸುಮ್ಮನಿರುವವಳೇ? "ಒಳಗ ಇಳಿದು ನೀರ ತಗದಾಗ ಮೈಲಿಗಿ ಇರಲಿಲ್ಲೇನು?" ಎಂದು ಮುಖದ ಮೇಲೆ ಕೇಳಿಯೇ ಬಂದಳು.

ಹೀಗಾಗಿ ನಮ್ಮ ಕೇರಿಗೆ ನೀರೆಂದರೆ ತುಂಗಭದ್ರೆಯೊಂದೇ. ಹೊಳೆಯ ದಾರಿ ಜಹಗೀರದಾರರ ಬಂಗಲೆಯ ಮುಂದಿನ ಬಯಲನ್ನು ಹಾದು ಹೋಗುತ್ತಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಸವೆದ ದಾರಿ.

ಜರ್ಮನಿಯ ಯುದ್ಧ ಇನ್ನೂ ಮುಗಿದಿರಲಿಲ್ಲ. ಆಗ ಆ ಬಯಲಲ್ಲಿ ತೋಟ ಮಾಡಿಸಲು ಜಹಗೀರದಾರರು ಕರೆಸಿದ ಬಾರ್ಲೊ ದೊರೆ ಬಂದ. ರಾಯಚೂರು ಸ್ಟೇಷನ್ನಿನಿಂದ ಎತ್ತಿನ ಬಂಡಿಗಳ ತುಂಬ ಗಿಡದ ಕುಂಡ, ಹುಲ್ಲಿನ ಬೇರು. ಜಹಗೀರದಾರರ ಮುನ್ಷಿ ಜಿಲಾನಿ ಪಾಷಾ ಅವನ ಕಥೆ ಹೇಳುತ್ತಿದ್ದರು. ತೋಟಗಾರರ ವಂಶವಂತೆ. ಅವನ ತಾತ ತನ್ನ ನಾಡಿನಲ್ಲಿ, ದೊಡ್ಡವರ ಕಣ್ಣಿಗೆ ಅಡ್ಡ ಬರುತ್ತದೆಂದು ಒಂದು ಹಳ್ಳಿಯನ್ನೇ ಕೀಳಿಸಿ ಆಚೆ ಕಟ್ಟಿಸಿದ್ದನಂತೆ. ಮೊಮ್ಮಗ ಅಷ್ಟು ಕೆಟ್ಟವನಲ್ಲ. ಕೆಸರಿಗಿಳಿದು ನಮ್ಮ ಜೊತೆ ಕೆಲಸ ಮಾಡುತ್ತಿದ್ದ, ಬೈಯುತ್ತಿರಲಿಲ್ಲ. ಆದರೆ ಅವನಿಗೆ ಗೋಡೆ, ಬೇಲಿ ಕಂಡರಾಗದು. ಬಂಗಲೆಯ ಮಾಳಿಗೆಯಲ್ಲಿ ನಿಂತರೆ ಹೊಳೆಯವರೆಗೂ ಬರೀ ಹಸಿರು ಕಾಣಬೇಕು, ನಡುವೆ ಏನೂ ಕಾಣಬಾರದು. ಅದೊಂದೇ ಅವನ ಹಟ.

ದನ ನುಗ್ಗದ ಹಾಗೆ ಅವನೊಂದು ಉಪಾಯ ಮಾಡಿದ. ಕೇರಿಯ ಕಡೆ ಆಳೆತ್ತರದ ಕಂದಕ. ನಮ್ಮ ಮಗ್ಗುಲಿಗೆ ಇಳಿಜಾರು, ತೋಟದ ಮಗ್ಗುಲಿಗೆ ನೆಟ್ಟನೆಯ ಕಲ್ಲುಗೋಡೆ. ಗೋಡೆಯ ತುದಿ ತೋಟದ ನೆಲದ ಮಟ್ಟಕ್ಕೇ ನಿಲ್ಲುತ್ತದೆ, ಹಾಗಾಗಿ ಮಾಳಿಗೆಯಿಂದ ನೋಡಿದರೆ ಕಂದಕವೂ ಕಾಣದು, ಗೋಡೆಯೂ ಕಾಣದು. ಅಗೆದವರು ನಾವೇ. ಅಗೆಯುತ್ತ ಅಗೆಯುತ್ತ ಕಂದಕ ನಮ್ಮ ದಾರಿಗೆ ಬಂತು.

"ಸಾಹೇಬ್ರ, ಇಲ್ಲಿ ದಾರಿ ಅದ" ಎಂದಳು ಅತ್ತೆ.

ಜಿಲಾನಿ ಪಾಷಾ ಮುಖ ಎತ್ತಲಿಲ್ಲ. "ತೋಟ ಚಾಲೂ ಆದ ದಿನದಿಂದ ದಾರಿ ಬಂದ್, ಗೋಪಮ್ಮ. ಹುಕುಂ ಆಗ್ಯದ. ಗುಡ್ಡ ಸುತ್ತಿ ಹೋಗ್ರಿ."

ಗುಡ್ಡ ಸುತ್ತಿದರೆ ಒಂದು ಕೊಡ ನೀರಿಗೆ ಅರ್ಧ ದಿನ ಹೋಗುತ್ತದೆ. ಅತ್ತೆ ಸಲಿಕೆ ಬಿಸಾಕಿದಳು. "ನಮ್ಮ ಕೈಲೇ ನಮ್ಮ ಬಾಯಿಗೆ ಮಣ್ಣು ಹಾಕಿಸಾಕತ್ತಾರಲ್ಲ!"

ಮರುದಿನ ನೋಡಿದರೆ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹಾಜರು. ಥೂ, ಇಷ್ಟೇನಾ ಇವಳ ಜಂಬ ಅಂದುಕೊಂಡೆ. ಆಮೇಲೆ ಮಾವ ಕಟ್ಟುತ್ತಿದ್ದ ಗೋಡೆ ಮೇಲೇಳುತ್ತ ಬಂತು. ದಾರಿ ಇದ್ದ ಕಡೆ ಒಂದರ ಮೇಲೊಂದು ಉದ್ದ ಕಲ್ಲುಗಳು ಹೊರಗೆ ಚಾಚಿದ್ದವು, ಬಾವಿಯೊಳಗೆ ಇಳಿಯಲು ಮೆಟ್ಟಿಲಾಗಿ ಬಿಡುತ್ತೇವಲ್ಲ, ಹಾಗೆ.

ಬಾರ್ಲೊ ಕೋಲಿನಿಂದ ಕಲ್ಲು ತಟ್ಟಿ ಏನಿದು ಎಂದ. ಮುನ್ಷಿ ಅದನ್ನೇ ಕನ್ನಡದಲ್ಲಿ ಕೇಳಿದರು.

"ಬಿದ್ದವ್ರು ಹತ್ತಿ ಬರಾಕ್ರಿ" ಎಂದಳು ಅತ್ತೆ. "ಕಲ್ಲು ಬಿಡದ ಕುಣಿ ನಾವು ಕಟ್ಟಂಗಿಲ್ಲ. ನಮ್ಮ ಮನಿತನದ ಪದ್ಧತಿ."

ದೊರೆ ಮಾಳಿಗೆ ಹತ್ತಿ, ಹಣೆಗೆ ಕೈ ಹಚ್ಚಿ ನೋಡಿದ. ಕಲ್ಲು ಕಾಣಲಿಲ್ಲ. ಇರಲಿ ಬಿಡು ಎಂದ. ಕಣ್ಣಿಗೆ ಕಾಣದಿದ್ದರೆ ಅವನಿಗೆ ಅದು ಇಲ್ಲವೇ ಇಲ್ಲ.

ತೋಟ ತೆರೆದ ದಿನ ರಾಯಚೂರಿನಿಂದ ದೊಡ್ಡ ದೊಡ್ಡ ಸಾಹೇಬರು ಬಂದಿದ್ದರು. ಮಾಳಿಗೆಯ ಮೇಲೆ ಕುರ್ಚಿ, ಶರಬತ್ತು. ಜಹಗೀರದಾರರು ಕೈ ಚಾಚಿ ಹಸಿರು ತೋರಿಸುತ್ತಿದ್ದರು. ಅಷ್ಟರಲ್ಲಿ ಹುಲ್ಲಿನೊಳಗಿಂದ ಒಂದು ಮಣ್ಣಿನ ಕೊಡ ಎದ್ದಿತು. ಕೊಡದ ಕೆಳಗೆ ನಮ್ಮ ಅತ್ತೆ. ಅವಳ ಹಿಂದೆ ನಾನು, ನನ್ನ ಹಿಂದೆ ಮಾರೆಮ್ಮ, ಚನ್ನಮಲ್ಲಮ್ಮ, ಇಡೀ ಕೇರಿಯ ಹೆಂಗಸರು. ನೆಲ ಸೀಳಿ ಹೆಂಗಸರು ಹುಟ್ಟಿದ ಹಾಗಿತ್ತು ಎಂದು ಜಿಲಾನಿ ಪಾಷಾ ಆಮೇಲೆ ಹೇಳಿ ಹೊಟ್ಟೆ ಹಿಡಿದು ನಕ್ಕರು. ಆಗ ಮಾತ್ರ ಅವರಿಗೆ ನಗು ಬಂದಿರಲಿಲ್ಲ.

ಜಹಗೀರದಾರರು ಕೆಳಗಿಳಿದು ಓಡಿ ಬಂದರು. "ಆ ಕಲ್ಲು ಕಿತ್ತು ಒಗೀರಿ!"

ಕಂದಕದ ಬಳಿ ಕೆಲಸಕ್ಕಿದ್ದ ಮಾವ ಹಾರೆ ನೆಲಕ್ಕಿಟ್ಟು ಕೈಕಟ್ಟಿ ನಿಂತ. ಅವನನ್ನು ನೋಡಿ ಉಳಿದ ಆಳುಗಳೂ ಇಟ್ಟರು.

"ಕೀಳಸ್ರಿ ಯಪ್ಪಾ" ಎಂದಳು ಅತ್ತೆ. "ಕಲ್ಲಿನ ಸಂಗಾಟ ಗ್ವಾಡಿನೂ ಬೀಳ್ತದ. ಮತ್ತ ಕಟ್ಟಾಕ ನಾವು ಬರಂಗಿಲ್ಲ."

"ಹಂಗಾದ್ರ ಬೇಲಿ ಹಾಕಸ್ತೀನಿ! ಮುಳ್ಳಿನ ಬೇಲಿ!"

ಮುನ್ಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಬಾರ್ಲೊನ ಮುಖ ಕೆಂಪಗಾಯಿತು. ಬೇಲಿ ಹಾಕಿದರೆ ಈ ತೋಟ ತನ್ನದಲ್ಲ, ಇವತ್ತೇ ಹೊರಡುತ್ತೇನೆ ಎಂದು ಕೋಲು ಕುಟ್ಟಿದ. ನಮ್ಮ ಮೇಲಿನ ಕರುಣೆಯೇನಲ್ಲ. ಹುಲ್ಲಿನ ಮೇಲೆ ಹೆಂಗಸರು ಬಂದು ಹೋಗುತ್ತಾರೆ, ಬೇಲಿ ನಿಂತೇ ಇರುತ್ತದೆ. ಅಷ್ಟೇ ಅವನ ಲೆಕ್ಕ.

ಜಹಗೀರದಾರರು ಹಲ್ಲು ಕಡಿದರು. "ಕತ್ತಲಾದ ಮ್ಯಾಲೆ ಬಂದು ಒಯ್ರಿ. ಯಾರ ಕಣ್ಣಿಗೂ ಬೀಳಬ್ಯಾಡ್ರಿ."

"ನಾವೇನು ಕಳ್ಳರೇನ್ರಿ? ಹೊಳಿ ನೀರಿಗೆ ಹಗಲಾಗ ಬರ್ತೀವಿ" ಎಂದು ಅತ್ತೆ ಅವರನ್ನು ದಾಟಿ ನಡೆದೇಬಿಟ್ಟಳು.

ಜಹಗೀರು ಹೋಯಿತು. ಹುಲ್ಲು ಒಣಗಿ ಅಲ್ಲಿ ಜೋಳ ಬಂತು. ಕಲ್ಲುಗಳು ಇದ್ದಲ್ಲೇ ಇವೆ, ಬೇಕಾದರೆ ಹೋಗಿ ನೋಡಿ.

ಆ ದಿನ ತುಂಬಿದ ಕೊಡ ಹೊತ್ತು ವಾಪಸ್ಸು ಬರುವಾಗ ಮಾಳಿಗೆಯ ಕಣ್ಣೆಲ್ಲ ನಮ್ಮ ಮೇಲಿತ್ತು. ಹೆದರಿಕೆಗೆ ನನ್ನ ಕುತ್ತಿಗೆ ತಾನೇ ಬಾಗಿತು, ನೀರು ತುಳುಕಿ ಮುಖದ ಮೇಲೆ ಸುರಿಯಿತು. ಅತ್ತೆ ಅಲ್ಲಿಯೂ ಬೈಯುವುದನ್ನು ಬಿಡಲಿಲ್ಲ.

"ತಲಿ ಎತ್ತಿ ನಡಿ ಬೇ, ಕೊಡ ಬೀಳ್ತದ!"