ಕಂಕುಳಿನ ಫ್ಲಾಸ್ಕು

ತಾಕ್ವಾರೆಂಬೊ ಊರಿನಲ್ಲಿ ಕುದುರೆ ಜೀನು ಹೊಲಿಯುವ ಎಲ್ಬಿಯೊ ತೆಚೇರಾನನ್ನು ಬಿಸಿನೀರಿನ ಫ್ಲಾಸ್ಕಿಲ್ಲದೆ ಕಂಡವರಿಲ್ಲ. ಎಡ ಕಂಕುಳಲ್ಲಿ ಫ್ಲಾಸ್ಕು, ಅದೇ ಕೈಯಲ್ಲಿ ಚಹಾದಂತೆ ಹೀರುವ ಮಾಟೆ ಸೊಪ್ಪು ನೆನೆಸಿದ ಸೋರೆಬುರುಡೆ. ಮದುವೆಯ ಫೋಟೊದಲ್ಲಿ ಹೆಂಡತಿ ಬಲಗಡೆ ನಿಂತಿದ್ದಾಳೆ, ಎಡಗಡೆ ಜಾಗವಿರಲಿಲ್ಲ.

ಇಂಥವನ ಎಡ ಭುಜ ಹಿಡಿದುಕೊಂಡಿತು. ಅವನೋ ಎಡಚ. ಭಾನುವಾರ ಬೋಚಾ ಚೆಂಡಾಟದ ಫೈನಲ್ಲು. ಹತ್ತೊಂಬತ್ತು ವರ್ಷ ಚೆಂಡು ಉರುಳಿಸಿದರೂ ಅವನ ಕ್ಲಬ್ಬು ಕಪ್ ಮುಟ್ಟಿರಲಿಲ್ಲ. ಕೈ ಏಳದಿದ್ದರೆ ಅವನ ಜಾಗಕ್ಕೆ ಭಾವಮೈದುನ ಇಳಿಯುತ್ತಾನೆ. ಅದಕ್ಕಿಂತ ಸೂಜಿಯೇ ವಾಸಿ ಎಂದುಕೊಂಡು ಎಲ್ಬಿಯೊ ನೋವಿಗೆ ಸೂಜಿ ಚುಚ್ಚುವ ಫಿಸಿಯೊಥೆರಪಿಯ ನಿಬಿಯಾಳ ಹತ್ತಿರ ಹೋದ.

"ಈ ಸೂಜಿಯೊಳಗೆ ಯಾವ ಔಷಧಿ ಮಗಳೇ?"

"ಔಷಧಿ ಇಲ್ಲ ಎಲ್ಬಿಯೊ ಅವರೇ, ಬರೀ ಸೂಜಿ. ಗಂಟು ಕಟ್ಟಿರೋ ಕಡೆ ಚುಚ್ಚಿದ್ರೆ ಸ್ನಾಯು ಸಡಿಲ ಆಗುತ್ತೆ."

"ಔಷಧಿನೂ ಇಲ್ಲ, ನೂಲೂ ಇಲ್ಲ! ನಾನು ಹೀಗೆ ಬರೀ ಸೂಜಿ ಚುಚ್ಚಿ ಜೀನು ಕೊಟ್ರೆ, ಕುದುರೆಗಿಂತ ಮೊದಲು ಗಿರಾಕಿನೇ ಒದೀತಾನೆ."

"ಆಯ್ತು, ಮೊದಲು ಆ ಫ್ಲಾಸ್ಕ್ ಕೆಳಗಿಡಿ."

ಮಂಚದ ಮೇಲೆ ಬೋರಲು ಮಲಗಿದ್ದರೂ ಫ್ಲಾಸ್ಕು ಕಂಕುಳಲ್ಲೇ ಇತ್ತು. ಇಟ್ಟ. ಸೂಜಿ ಇಳಿಯಿತು, ಸ್ನಾಯು ನೀರಿನಿಂದ ತೆಗೆದ ಮೀನಿನಂತೆ ಪಟಕ್ಕನೆ ಹಾರಿತು. ನಲವತ್ತು ವರ್ಷ ಚರ್ಮ ಚುಚ್ಚಿದವನಿಗೆ ಚರ್ಮದ ಕಷ್ಟ ಅವತ್ತು ಗೊತ್ತಾಯಿತು.

"ಸೂಜಿದು ಅರ್ಧ ಕೆಲಸ," ಎಂದಳು ನಿಬಿಯಾ. "ಇನ್ನರ್ಧ ನಿಮ್ಮದು. ಭಾನುವಾರದ ತನಕ ಕಂಕುಳು ಖಾಲಿ ಇರ್ಬೇಕು."

ಎಲ್ಬಿಯೊ ಕತ್ತು ತಿರುಗಿಸಿ ನೋಡಿದ. "ಮತ್ತೆ ನಿನ್ನ ಕಂಕುಳಲ್ಲಿರೋದೇನು?"

ಅವಳು ಎಡ ಕಂಕುಳಲ್ಲಿ ಫ್ಲಾಸ್ಕು ಒತ್ತಿಕೊಂಡೇ ಬಲಗೈಯಲ್ಲಿ ಚುಚ್ಚುತ್ತಿದ್ದಳು.

"ನನಗೆ ಭಾನುವಾರ ಫೈನಲ್ ಇಲ್ಲ," ಎಂದಳು.

ಮೂರು ದಿನ ಎಲ್ಬಿಯೊ ಫ್ಲಾಸ್ಕನ್ನು ಮನೆಯಲ್ಲೇ ಬಿಟ್ಟು ಓಡಾಡಿದ. ಬೀದಿಯವರು ತಡೆದು, "ಮನೇಲಿ ಯಾರು ಹೋದ್ರು?" ಎಂದು ಮೆಲ್ಲಗೆ ಕೇಳಿದರು.

ಭಾನುವಾರ ಮಾತ್ರ ಹಾಳು ಅಭ್ಯಾಸ ಗೆದ್ದಿತು. ಕೊನೆಯ ಚೆಂಡಿಗೆ ಅವನು ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡೇ ಬಂದು ನಿಂತ. ಸುತ್ತ ನಿಂತ ಜನರ ನಡುವಿನಿಂದ ನಿಬಿಯಾ ಬಲಗೈ ಚಾಚಿದಳು. "ಇಲ್ಲಿ ಕೊಡಿ!"

ಹೆಂಡತಿಯ ಕೈಗೂ ಕೊಟ್ಟವನಲ್ಲ. ಭಾವಮೈದುನ ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ಕೊಟ್ಟುಬಿಟ್ಟ. ಹಗುರಾದ ಕೈ ಹಿಂದಕ್ಕೆ ಹೋಗಿ ಸಲೀಸಾಗಿ ಮುಂದೆ ಬಂತು. ಚೆಂಡು ಉರುಳಿ ಉರುಳಿ ಪುಟ್ಟ ಗುರಿಚೆಂಡಿಗೆ ತಾಗಿ ನಿಂತಿತು.

ಕಪ್ ಬಂತು. ಎಲ್ಬಿಯೊ ನಾಚಿಕೆ ಬಿಟ್ಟು ಅತ್ತ. ಊರೆಲ್ಲ ಚಪ್ಪಾಳೆ ತಟ್ಟಿತು. ಎರಡು ಕಂಕುಳಲ್ಲೂ ಒಂದೊಂದು ಫ್ಲಾಸ್ಕು ಸಿಕ್ಕಿಸಿಕೊಂಡ ನಿಬಿಯಾ ಮಾತ್ರ ಬೆರ್ಚಪ್ಪನ ಹಾಗೆ ನಿಂತಿದ್ದಳು. ಅವನು ಬಂದು ಎರಡನ್ನೂ ತೆಗೆದುಕೊಂಡ. ಆದರೂ ಅವಳ ಎಡಗೈ ಮೇಲೇಳಲಿಲ್ಲ, ನೋವಿಗೆ ಮುಖ ಕಿವುಚಿದಳು.

ಎಲ್ಬಿಯೊ ಕಣ್ಣೊರೆಸಿಕೊಂಡ.

"ನಾಳೆ ಅಂಗಡಿ ಕಡೆ ಬಾ ಮಗಳೇ. ನನ್ನ ಹತ್ರಾನೂ ಸೂಜಿ ಇದೆ. ಬೇಕಿದ್ರೆ ನೂಲೂ ಹಾಕ್ತೀನಿ."