ಮೊಳಕೆ ಕಟ್ಟಿದ ಹುರುಳಿ

ಏನು ತಿನ್ನಬೇಕು ಎಂದು ಈಗ ಯಾರಾದರೂ ಕೇಳಿದರೆ ನನಗೆ ದಣಿವಾಗುತ್ತದೆ. ಈ ವಯಸ್ಸಿನಲ್ಲೂ ಸೈಕಲ್ ತುಳಿಯುತ್ತೇನೆ, ಹೊಟ್ಟೆ ಬಂದಿಲ್ಲ, ಸಕ್ಕರೆ ಕಾಯಿಲೆ ಬಂದಿಲ್ಲ; ಅದಕ್ಕೇ ಕೇಳುತ್ತಾರೆ. ನವಣೆಯೋ, ರಾಗಿಯೋ, ಜೋಳವೋ? ಮನೆಯಲ್ಲಿ ಮಾಡಿದ್ದನ್ನು ಹಿತವಾಗಿ ತಿನ್ನಿ ಎಂದಷ್ಟೇ ಹೇಳಿ ಪೆಡಲ್ ಮೇಲೆ ಕಾಲಿಡುತ್ತೇನೆ. ಮಾಸ್ತರಿಗೆ ಸೊಕ್ಕು ಎನ್ನುವವರಿದ್ದಾರೆ. ಅನ್ನಲಿ.

ತೊಂಬತ್ತರ ದಶಕದಲ್ಲಿ ನಾನು ಹೀಗಿರಲಿಲ್ಲ. ಕೊಟ್ಟೂರಿನಲ್ಲಿ ಮನೆ, ಕೂಡ್ಲಿಗಿ ರಸ್ತೆಯ ಒಂದು ಹಳ್ಳಿಯಲ್ಲಿ ಮಾಸ್ತರಿಕೆ. ಬಸ್ಸಿದ್ದರೂ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ಆಷಾಢದ ಎದುರುಗಾಳಿಗೆ ಎದೆ ಬಾಗಿಸಿ ತುಳಿಯುವುದೇ ಒಂದು ಸುಖ. ರಜೆಯಿದ್ದರೆ ಹರಪನಹಳ್ಳಿಗೋ ಹಗರಿಬೊಮ್ಮನಹಳ್ಳಿಗೋ ಸುಮ್ಮನೆ ಹೋಗಿ ಒಂದು ಚಹಾ ಕುಡಿದು ವಾಪಸ್ಸು. "ಅಲ್ಲೇನ್ ಕೆಲಸ ಇತ್ರಿ?" ಎಂದು ಕೇಳಿದವರಿಗೆ ಉತ್ತರ ಕೊಡುವುದೇ ಆ ಪ್ರಯಾಣಕ್ಕಿಂತ ಕಷ್ಟವಾಗುತ್ತಿತ್ತು.

ಕೇಬಲ್ ಟೀವಿ ಬಂದಮೇಲೆ ಹುಚ್ಚು ಇನ್ನೂ ಹೆಚ್ಚಿತು. ಫ್ರಾನ್ಸಿನ ಬೆಟ್ಟಗಳಲ್ಲಿ ಸೈಕಲ್ ಓಡಿಸುವವರು ಕೆಳಗಿಳಿಯದೆ, ಹೆಗಲ ಚೀಲದಿಂದ ಏನೇನೋ ತೆಗೆದು ತಿನ್ನುವುದನ್ನು ಬಾಯಿ ತೆರೆದು ನೋಡುತ್ತಿದ್ದೆ. ಪತ್ರಿಕೆಯ ಆರೋಗ್ಯದ ಪುಟ ಕತ್ತರಿಸಿಡಲು ಶುರುಮಾಡಿದೆ. ಮಂಡಕ್ಕಿ ಮಿರ್ಚಿ ಬಿಟ್ಟೆ. ಹುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹಸಿಯಾಗಿಯೇ ತಿನ್ನತೊಡಗಿದೆ. "ಎತ್ತಿಗೆ ಇಡೋದನ್ನ ತಿಂತೀರಿ. ಹೋಗ್ಲಿ, ಎತ್ತಿನಂಗ ದುಡೀರಿ ಮತ್ತ" ಎಂದಳು ನನ್ನ ಹೆಂಡತಿ. ನಾನು ತಿಂದು ಸುಮ್ಮನಿರಲಿಲ್ಲ. ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ಆಗ ನಮ್ಮ ಊರುಗಳಿಗೆ ಸೈಕಲ್ ತುಳಿಯುವವರು ಬರುತ್ತಿದ್ದರು. ಬಯಲಿನಲ್ಲಿ ಹಗ್ಗ ಕಟ್ಟಿ, ನಡುವೆ ಕಂಬಕ್ಕೆ ಮೈಕು ಹಾಕಿ, ಏಳು ದಿನ ಏಳು ರಾತ್ರಿ ಕೆಳಗಿಳಿಯದೆ ಸುತ್ತುವುದು. ಸ್ನಾನ, ಊಟ, ತೂಕಡಿಕೆ ಎಲ್ಲ ಸೈಕಲ್ ಮೇಲೆಯೇ. ಒಂದಕ್ಕೆ ಹೋಗಬೇಕಾದರೆ ಸೀರೆಯ ಮರೆ ಹಿಡಿಯುತ್ತಿದ್ದರು. ಎರಡಕ್ಕೆ ಹೋಗುವ ಪ್ರಮೇಯವೇ ಬಾರದಂತೆ ಊಟ ಕಟ್ಟುವುದು ಅವರ ವಿದ್ಯೆ. ಕಾಲು ನೆಲಕ್ಕೆ ತಾಗಿತೋ, ಎಣಿಕೆ ಮತ್ತೆ ಒಂದರಿಂದ. ಏಳು ದಿನ ಮುಗಿಸಿದರೆ ಊರವರು ಜೋಳ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು.

ಆ ವರ್ಷ ಕೊಟ್ಟೂರಿಗೆ ಬಂದವನು ಹಡಗಲಿ ಕಡೆಯವನು, ಹೊಳಲಿನ ಹತ್ತಿರದ ಹಳ್ಳಿ. ಮೂವತ್ತು ದಾಟಿತ್ತು. ಜೊತೆಗೆ ಹೆಂಡತಿ. ಆಕೆ ಹೊತ್ತುಹೊತ್ತಿಗೆ ತಿಳಿಗಂಜಿ, ಮಜ್ಜಿಗೆ, ಬಾಳೆಹಣ್ಣು ಕೊಡುತ್ತಿದ್ದಳು. ನಾನು ಶಾಲೆ ಬಿಟ್ಟವನೇ ಬಯಲಿಗೆ ಹೋಗಿ ಅವನ ಪಕ್ಕ ನನ್ನ ಸೈಕಲ್ಲನ್ನೂ ತುಳಿಯುತ್ತ ಮಾತಾಡಿಸುತ್ತಿದ್ದೆ. ನಾಲ್ಕನೆಯ ದಿನಕ್ಕೆ ಅವನ ಕಾಲುಗಳು ಬಾತಿದ್ದವು. ಗಂಜಿಯಲ್ಲಿ ಏನು ಸತ್ವವಿದೆ ಎಂದು ನನಗೆ ಸಂಕಟವಾಯಿತು. ಅವನ ಹೆಂಡತಿಗೆ ಹೇಳಿಯೂ ನೋಡಿದೆ.

"ಗಟ್ಟಿ ಪದಾರ್ಥ ಬ್ಯಾಡ್ರಿ ಮಾಸ್ತರ. ಅವ್ರ ಹೊಟ್ಟಿ ನನಗ ಗೊತ್ತೈತಿ" ಎಂದಳು.

ಓದು ಬಾರದ ಹೆಂಗಸು ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ. ಸಂಜೆ ಆಕೆ ನೀರಿಗೆ ಹೋದಾಗ ಮನೆಯಿಂದ ತಂದ ಮೊಳಕೆ ಹುರುಳಿಯನ್ನು, ನಿಂಬೆಹಣ್ಣು ಹಿಂಡಿ, ಎಲೆಯಲ್ಲಿಟ್ಟು ಅವನ ಕೈಗೆ ಕೊಟ್ಟೆ. ಅವನು ಒಂದು ಸುತ್ತು ಅದನ್ನು ಹಿಡಿದುಕೊಂಡೇ ಹೋದ. ಊರವರು ಕೈಯಾರೆ ಕೊಟ್ಟದ್ದನ್ನು ಈ ಸೈಕಲ್ಲಿನವರು ಬೇಡವೆನ್ನುವುದಿಲ್ಲ. ಬೇಡವೆಂದರೆ ಊರಿಗೇ ಬೇಡವೆಂದಂತೆ. ಇನ್ನೊಂದು ಸುತ್ತಿನಲ್ಲಿ ಎಲ್ಲವನ್ನೂ ತಿಂದ. "ಚಲೋ ಅದಾವ್ರಿ" ಎಂದ.

ಐದನೆಯ ದಿನ ಬೆಳಗು ಹರಿಯುವಾಗ ನಾನು ಹೋದರೆ ಬಯಲಲ್ಲಿ ಅವನೊಬ್ಬನೇ ಸುತ್ತುತ್ತಿದ್ದ. ಬದಿಯ ಚಪ್ಪರದಲ್ಲಿ ರಾತ್ರಿ ಕಾವಲಿಗಿದ್ದ ಊರವರಿಬ್ಬರು ಮುಸುಕೆಳೆದು ಮಲಗಿದ್ದರು. ಹೆಂಡತಿ ಕಾಣಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದ. ನಾನು ಬಾಯಿ ತೆರೆಯುವ ಮೊದಲೇ ಸೈಕಲ್ಲನ್ನು ನನ್ನ ಕೈಗೆ ಬಿಟ್ಟು, ಬಾತ ಕಾಲಿನಲ್ಲಿ ತಡವರಿಸುತ್ತ ಜಾಲಿಯ ಮರೆಗೆ ಓಡಿದ.

ಅವನು ತಿರುಗಿ ಬಂದಾಗ ನಾನು ಪಿಸುಗುಟ್ಟಿದೆ. "ಹತ್ತಿಬಿಡು. ಯಾರೂ ನೋಡಿಲ್ಲ."

"ನೀವ್ ನೋಡೀರಿ, ನಾ ನೋಡೀನಿ. ಇನ್ಯಾರ್ ನೋಡಬೇಕ್ರಿ?"

ಹೊತ್ತು ಏರುವಷ್ಟರಲ್ಲಿ ಅವನೇ ಮೈಕಿನಲ್ಲಿ ಹೇಳಿದ: ಕಾಲು ನೆಲಕ್ಕೆ ತಾಗಿದೆ, ಇವತ್ತಿನಿಂದ ಒಂದು. ಊರ ಹಿರಿಯರು ಆದಷ್ಟೇ ಸಾಕು ಎಂದರು. "ಏಳು ಅಂದೀನ್ರಿ, ಏಳ ಆಗಬೇಕು" ಎಂದು ಅವನು ಸೈಕಲ್ ಹತ್ತಿದ. ಕಾಲಿಗೆ ಜೋಮು ಹಿಡಿಯಿತು ಎಂಬುದು ಅವನು ಕೊಟ್ಟ ಕಾರಣ. ಅವನ ಹೆಂಡತಿ ನಂಬಲಿಲ್ಲ. ಸಂಜೆ ನನ್ನನ್ನು ತಡೆದು ಕೇಳಿದಳು.

"ನಿನ್ನಿ ಏನರ ತಿನ್ನಾಕ ಕೊಟ್ಟಿದ್ರೇನ್ರಿ?"

"ಇಲ್ಲಮ್ಮ" ಎಂದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತಿದ್ದವನು ನಾನು. ಎರಡೂ ನನಗೆ ತಿಳಿದಿರಲಿಲ್ಲ. ಮುಂದಿನ ಏಳು ದಿನವೂ ಬಯಲಿಗೆ ಹೋದೆ, ದೂರದಲ್ಲಿ ನಿಂತೆ. ಇವತ್ತು ಹೇಳಿಬಿಡೋಣ ಎಂದು ದಿನವೂ ಹೊರಡುತ್ತಿದ್ದೆ. ಹೇಳದೆ ಮನೆಗೆ ಬಂದು ಉಣ್ಣುತ್ತಿದ್ದೆ.

ಕೊನೆಯ ದಿನ ಬಯಲು ತುಂಬ ಜನ. ಹಿರಿಯರೊಬ್ಬರು ಮೈಕಿನಲ್ಲಿ, "ನಮ್ಮೂರಾಗ ಸೈಕಲ್ಲಿನ ಕಿಮ್ಮತ್ತು ಗೊತ್ತಿದ್ದವ್ರಂದ್ರ ಮಾಸ್ತರು. ಅವರ ಕೈಲೇ ಹಾರ ಹಾಕ್ಸೋಣು. ಎಲ್ಡ್ ಮಾತೂ ಆಡ್ಲಿ" ಎಂದು ನನ್ನನ್ನು ಕರೆದುಬಿಟ್ಟರು. ಹಾರ ಹಾಕಿದೆ. ಅವನು ಇಳಿದ, ಇಳಿದರೆ ನಿಲ್ಲಲು ಕಾಲಿಗೆ ತ್ರಾಣವಿರಲಿಲ್ಲ. ಎರಡೂ ಕೈಯಿಂದ ನನ್ನ ಹೆಗಲು ಹಿಡಿದು, ಕಿವಿಯ ಹತ್ತಿರ ಹೇಳಿದ.

"ನೀವು ಏನೂ ಕೊಟ್ಟಿಲ್ಲಂತ ನಾನೂ ಆಕಿಗೆ ಹೇಳೀನ್ರಿ. ಚಿಂತಿ ಮಾಡಬ್ಯಾಡ್ರಿ."

ಅವನ ಹೆಂಡತಿ ಜೋಳಕ್ಕೆ ಸೆರಗೊಡ್ಡಿ ಎದುರಿಗೇ ನಿಂತಿದ್ದಳು. ಯಾರೋ ಮೈಕನ್ನು ತಂದು ನನ್ನ ಬಾಯಿಯ ಮುಂದೆ ಹಿಡಿದರು. ಅವನ ಸಾಧನೆ ದೊಡ್ಡದು ಎಂದಷ್ಟೇ ಹೇಳಿ ಕೈಮುಗಿದೆ.